ಇಯೊಸಿನೋಫಿಲ್ 22%, ಮಲದಲ್ಲಿ ಮೊಟ್ಟೆ ಇಲ್ಲ. ಹುಳು ಇದೆಯಾ, ಇಲ್ವಾ?

ಸ್ಲೈಡ್‌ಪೆಟ್ಟಿಗೆ:
ಕ್ಲಾಸಿನಲ್ಲಿ ಅಭ್ಯಾಸಕ್ಕೆ ಕೊಟ್ಟ ರಿಪೋರ್ಟ್ ಇದು. ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವ 34 ವರ್ಷದ ಹೆಂಗಸು. ಒಟ್ಟು ಬಿಳಿ ರಕ್ತಕಣ 9,200, ಅದರಲ್ಲಿ ಇಯೊಸಿನೋಫಿಲ್ ಅನ್ನೋ ಬಗೆಯದು 22%, ಹಿಮೋಗ್ಲೋಬಿನ್ 9.8. ಮಲ ಪರೀಕ್ಷೆ ಒಂದೇ ಸಲ ಆಗಿದೆ, ಮೊಟ್ಟೆ ಸಿಕ್ಕಿಲ್ಲ. ಹುಳು ಇದ್ದರೆ ಇಯೊಸಿನೋಫಿಲ್ಲೇ ಯಾಕೆ ಏರಬೇಕು, ಇನ್ನೊಂದು ಬಗೆಯ ಬಿಳಿಕಣ ನ್ಯೂಟ್ರೋಫಿಲ್ ಯಾಕಲ್ಲ? ಮಲೇರಿಯಾನೂ ಪರಾವಲಂಬಿ ತಾನೇ, ಅಲ್ಲಿ ಯಾಕೆ ಏರಲ್ಲ?

ಕೆಂಪುಕಣಜ:
ಮೊದಲು ಶೇಕಡಾ ಬಿಟ್ಟು ಎಇಸಿ, ಅಂದ್ರೆ ಇಯೊಸಿನೋಫಿಲ್‌ನ ನೇರ ಎಣಿಕೆ, ಲೆಕ್ಕ ಹಾಕಿ. 9,200ರಲ್ಲಿ 22% ಅಂದ್ರೆ ಮೈಕ್ರೋಲೀಟರಿಗೆ 2,024. ಸಾಮಾನ್ಯವಾಗಿ 500ರ ಒಳಗಿರಬೇಕು. 1,500 ದಾಟಿದರೆ ಮಧ್ಯಮ ಏರಿಕೆ, 5,000 ದಾಟಿದರೆ ತೀವ್ರ.

ನ್ಯೂಟ್ರೋಫಿಲ್ ನುಂಗುವ ಕಣ, ಬ್ಯಾಕ್ಟೀರಿಯಾಕ್ಕೆ ಸರಿ. ಬರಿಗಾಲಲ್ಲಿ ದುಡಿಯುವವರಲ್ಲಿ ಮೊದಲು ಅನುಮಾನಿಸಬೇಕಾದ್ದು ಕೊಕ್ಕೆಹುಳು; ಅದರ ಮರಿ ಸುಮಾರು ಅರ್ಧ ಮಿಲಿಮೀಟರ್ ಉದ್ದ, ಕಣ 12–15 ಮೈಕ್ರಾನ್. ನುಂಗುವ ಮಾತೇ ಇಲ್ಲ. ಕರುಳಿನ ಒಳಪದರದ ಟಫ್ಟ್ ಕೋಶಗಳು ಹುಳುವಿನ ಸುಳಿವು ಸಿಕ್ಕ ಕೂಡಲೇ ಐಎಲ್-25 ಬಿಡುತ್ತವೆ (ಐಎಲ್ ಅಂದ್ರೆ ಇಂಟರ್‌ಲ್ಯೂಕಿನ್, ಕೋಶಗಳು ಒಂದಕ್ಕೊಂದು ಕಳಿಸುವ ಸಂದೇಶದ ಪ್ರೋಟೀನ್). ಅದರಿಂದ ಎಚ್ಚೆತ್ತ ಲಿಂಫಾಯ್ಡ್ ಕೋಶಗಳು, ಆಮೇಲೆ ಟಿಎಚ್-2 ಎಂಬ ಸಹಾಯಕ ಟಿ ಕೋಶಗಳು ಐಎಲ್-5, ಐಎಲ್-13 ಹೊರಡಿಸುತ್ತವೆ. ಐಎಲ್-5 ಅಸ್ಥಿಮಜ್ಜೆಗೆ ಹೋಗಿ ಇಯೊಸಿನೋಫಿಲ್ ತಯಾರಿ ಹೆಚ್ಚಿಸುತ್ತೆ. ಐಎಲ್-13 ಕರುಳಲ್ಲಿ ಲೋಳೆ ಹೆಚ್ಚಿಸಿ ಹುಳುವಿನ ಹಿಡಿತ ಸಡಿಲ ಮಾಡುತ್ತೆ. ಪ್ರತಿಕಾಯ ಮೆತ್ತಿಕೊಂಡ ಮರಿಯ ಮೈಗೆ ಇಯೊಸಿನೋಫಿಲ್ ಅಂಟಿಕೊಂಡು ತನ್ನೊಳಗಿನ ಹರಳುಗಳನ್ನು (ಗ್ರ್ಯಾನ್ಯೂಲ್) ಅದರ ಮೇಲೇ ಸುರಿಯುತ್ತೆ. ಆ ಹರಳಿನ ಮುಖ್ಯ ಪ್ರೋಟೀನ್ ಬಲವಾದ ಕ್ಷಾರ ಗುಣದ್ದು. ಆಮ್ಲೀಯ ಬಣ್ಣವಾದ ಇಯೊಸಿನ್ ಅದಕ್ಕೆ ಹಿಡಿಯೋದರಿಂದಲೇ ಸ್ಲೈಡಿನಲ್ಲಿ ಕಿತ್ತಳೆ-ಕೆಂಪು ಕಾಣೋದು; 1879ರಲ್ಲಿ ಪಾಲ್ ಎರ್ಲಿಕ್ ಈ ಕಣಕ್ಕೆ ಹೆಸರಿಟ್ಟದ್ದೂ ಈ ಗುಣ ನೋಡಿಯೇ.

ಮೊಟ್ಟೆ ಸಿಗದಿದ್ದಕ್ಕೆ: ಸೋಂಕು ತಗುಲಿ ಮೊಟ್ಟೆ ಬರೋಕೆ 5–9 ವಾರ ಬೇಕು, ಇಯೊಸಿನೋಫಿಲ್ ಅದಕ್ಕೂ ಮೊದಲೇ ಏರುತ್ತೆ. ಆದರೆ ಹಿಮೋಗ್ಲೋಬಿನ್ 9.8ಕ್ಕೆ ಇಳಿಯೋಕೆ ರಕ್ತ ಹೀರುವ ಹುಳುವೇ ಕಾರಣವಾಗಿದ್ದರೆ ಸೋಂಕು ಹಳೆಯದು, ಆ ನೆಪ ಇಲ್ಲಿ ನಡೆಯಲ್ಲ. ನನಗೆ ಅನುಮಾನ ಸ್ಯಾಂಪಲ್ ಮೇಲೆ. ಕ್ಯಾಟೋ-ಕಾಟ್ಜ್ (ಮಲದ ದಪ್ಪ ಲೇಪದಲ್ಲಿ ಮೊಟ್ಟೆ ಎಣಿಸುವ ವಿಧಾನ) ಸ್ಲೈಡನ್ನು 30–60 ನಿಮಿಷದೊಳಗೆ ನೋಡದಿದ್ದರೆ ಗ್ಲಿಸರಿನ್‌ನಲ್ಲಿ ಕೊಕ್ಕೆಹುಳುವಿನ ತೆಳು ಮೊಟ್ಟೆ ಕರಗಿದಂತಾಗಿ ಕಾಣಲ್ಲ. ಬೇರೆ ಬೇರೆ ದಿನ 3 ಸ್ಯಾಂಪಲ್, ತಾಜಾದ್ದು, ಫಾರ್ಮಾಲ್-ಈಥರ್‌ನಲ್ಲಿ ಸಾಂದ್ರ ಮಾಡಿ ನೋಡಿ.

ಕಡಲತಡಿ:
ಮಲೇರಿಯಾ, ಅಮೀಬಾ, ಜಿಯಾರ್ಡಿಯಾ ಏಕಕೋಶಿಗಳು. ಅಂಗಾಂಶದೊಳಗೆ ಅಲೆಯುವ ಬಹುಕೋಶಿ ಹುಳುವಿಗೆ ಏಳುವ ಸ್ಪಂದನೆ ಅವಕ್ಕೆ ಏಳುವುದಿಲ್ಲ. ಮಲೇರಿಯಾ ಸೋಂಕಿತ ಕೆಂಪುಕಣವನ್ನು ನುಂಗುವುದು ಮ್ಯಾಕ್ರೋಫೇಜ್, ಮಾನೋಸೈಟ್. ಇಯೊಸಿನೋಫಿಲ್ ಏರಿಸುವ ಏಕಕೋಶಿ ಸಿಸ್ಟೊಐಸೊಸ್ಪೊರಾದಂಥ ಅಪವಾದ ಇದೆ, ಪರೀಕ್ಷೆಯಲ್ಲಿ ಕೇಳುತ್ತಾರೆ.

ಒಂದು ಮೋಸ ಗೊತ್ತಿರಲಿ. ಮಲೇರಿಯಾದ ಕಂದು ವರ್ಣದ್ರವ್ಯ ನುಂಗಿದ ನ್ಯೂಟ್ರೋಫಿಲ್ ಬೆಳಕು ಚದುರಿಸುವ ರೀತಿ ಬದಲಾಗಿ, ಕೆಲವು ಯಂತ್ರಗಳು ಅದನ್ನೇ ಇಯೊಸಿನೋಫಿಲ್ ಎಂದು ಎಣಿಸಿಬಿಡುತ್ತವೆ. ಮಂಗಳೂರಿನಂಥ ಮಲೇರಿಯಾ ಇರುವ ಊರಲ್ಲಿ ಜ್ವರದ ಜೊತೆ ಯಂತ್ರ ಇಯೊಸಿನೋಫಿಲ್ ಏರಿದೆ ಎಂದರೆ, ಸ್ಮಿಯರ್ (ಗಾಜಿನ ಮೇಲಿನ ರಕ್ತದ ಲೇಪ) ಕಣ್ಣಾರೆ ನೋಡದೆ ಸಹಿ ಹಾಕಬಾರದು.

ಜೋಳದರೊಟ್ಟಿ:
ಇಯೊಸಿನೋಫಿಲ್ ಹುಳಾನ ಕೊಲ್ತದ ಅನ್ನೋದು ಅರ್ಧ ಖರೆ ನೋಡ್ರಿ. ಗಾಜಿನ ತಟ್ಟ್ಯಾಗ ಮರಿ ಸಾಯ್ತಾವ. ಆದ್ರ ಇಯೊಸಿನೋಫಿಲ್ಲೇ ಇಲ್ಲದ ಇಲಿಗೆ ಟ್ರೈಕಿನೆಲ್ಲಾ ಅನ್ನೋ ಹುಳ ಹತ್ತಿಸಿದಾಗ, ಸ್ನಾಯುವಿನಾಗಿನ ಮರಿ ಹೆಚ್ಚು ಸತ್ತಾವ! ಅಂದ್ರ ಆ ಕಣ ಅಲ್ಲಿ ಹುಳಕ್ಕ ಆಸರಾನೂ ಆಗ್ತದ.

ಇನ್ನೊಂದು, ಎಣಿಕೆ ಕಡಿಮಿ ಬಂತು ಅಂತ ಹುಳ ಇಲ್ಲ ಅನಬ್ಯಾಡ್ರಿ. ಸ್ಟಿರಾಯ್ಡ್ ತಗೊಂಡ್ರ ಎಣಿಕೆ ಇಳೀತದ. ಒಳಗ ಸ್ಟ್ರಾಂಗಿಲಾಯ್ಡಿಸ್ ಅನ್ನೋ ಕರುಳಿನ ಹುಳ ಇದ್ದು ಸ್ಟಿರಾಯ್ಡ್ ಶುರು ಆತಂದ್ರ, ಮರಿ ಮೈತುಂಬ ಹರಡಿ ಜೀವಕ್ಕ ಬರ್ತದ.

ಸ್ಲೈಡ್‌ಪೆಟ್ಟಿಗೆ:
ಹುಳುವಿನ ಮಾತ್ರೆ ಆಲ್ಬೆಂಡಜೋಲ್ 400 ಮಿ.ಗ್ರಾಂ ಕೊಟ್ಟ ಮೇಲೆ ಇಯೊಸಿನೋಫಿಲ್ ಎಷ್ಟು ದಿನಕ್ಕೆ ಇಳಿಯುತ್ತೆ?

ಕೆಂಪುಕಣಜ:
ತಕ್ಷಣ ಇಳಿಯಲ್ಲ. ಸಾಯುವ ಹುಳುವಿನಿಂದ ಪ್ರೋಟೀನ್ ಬಿಡುಗಡೆಯಾಗಿ ಮೊದಲು ಇನ್ನಷ್ಟು ಏರಲೂಬಹುದು; ಮಾಮೂಲಿಗೆ ಬರೋಕೆ ವಾರಗಳು, ಕೆಲವರಲ್ಲಿ ತಿಂಗಳುಗಳು ಬೇಕು. ಆಮೇಲೂ ಇಳಿಯದಿದ್ದರೆ ಸ್ಟ್ರಾಂಗಿಲಾಯ್ಡಿಸ್‌ಗೆ ಸೀರಾಲಜಿ (ರಕ್ತದಲ್ಲಿ ಪ್ರತಿಕಾಯದ ಪರೀಕ್ಷೆ), ಆನೆಕಾಲು (ಫೈಲೇರಿಯಾ ಹುಳುವಿನ ರೋಗ) ಇರುವ ಕಡೆಯವರಾದರೆ ರಾತ್ರಿ 10ರಿಂದ 2ರೊಳಗೆ ತೆಗೆದ ರಕ್ತದ ಸ್ಲೈಡ್. ಎಣಿಕೆ 3,000 ದಾಟಿ ರಾತ್ರಿ ಕೆಮ್ಮೂ ಇದ್ದರೆ ಆ ಸ್ಲೈಡ್ ಖಾಲಿ ಬಂತು ಅಂತ ಫೈಲೇರಿಯಾ ಬಿಡಬೇಡಿ. ಅದು ಶ್ವಾಸಕೋಶವನ್ನು ಕಾಡುವ ಆ ರೂಪದಲ್ಲಿ ರಕ್ತದಲ್ಲಿ ಮರಿ ಸಿಗೋದೇ ಅಪರೂಪ.