ಪಿಎಚ್‌ಕ್ಯೂ-9 ಸ್ಕೋರ್‌ಗೆ ಐಆರ್‌ಟಿ ಮಾಡ್ಲೇಬೇಕಾ? ಟೋಟಲ್ ಸಾಲಲ್ವಾ?

ಡೇಟಾ_ಹುಡುಗಿ: ಡಿಪ್ರೆಶನ್‌ಗೆ ಟ್ರೀಟ್‌ಮೆಂಟ್ ತಗೋತಿರೋರ ಪಿಎಚ್‌ಕ್ಯೂ-9 (ಡಿಪ್ರೆಶನ್ ಲಕ್ಷಣ ಅಳೆಯೋ ಒಂಬತ್ತು ಪ್ರಶ್ನೆಗಳ ಫಾರ್ಮ್) ಡೇಟಾ ಇದೆ, ಟ್ರೀಟ್‌ಮೆಂಟ್‌ಗೆ ಮುಂಚೆ ಒಂದ್ಸಲ ಆಮೇಲೆ ಒಂದ್ಸಲ ತುಂಬಿಸಿರೋದು. ಒಂದೊಂದು ಪ್ರಶ್ನೆಗೆ 0ಯಿಂದ 3, ಎಲ್ಲಾ ಕೂಡಿ 27ಕ್ಕೆ ಎಷ್ಟು ಅಂತ ನೋಡ್ತಿದ್ವಿ, ಈಗ ಗೈಡ್ ಐಆರ್‌ಟಿ (ಐಟಂ ರೆಸ್ಪಾನ್ಸ್ ಥಿಯರಿ, ಒಂದೊಂದು ಪ್ರಶ್ನೆಯ ಉತ್ತರದಿಂದ ಒಬ್ಬರ ಡಿಪ್ರೆಶನ್ ಮಟ್ಟ ಅಂದಾಜು ಮಾಡೋ ವಿಧಾನ) ಮಾಡು ಅಂತಿದಾರೆ. ಟೋಟಲ್ಲೂ ಥೀಟಾನೂ (ಐಆರ್‌ಟಿ ಅಂದಾಜು ಮಾಡೋ ಆ ಮಟ್ಟ) ಹೆಚ್ಚುಕಮ್ಮಿ ಒಟ್ಟಿಗೇ ಏರಿಳಿಯುತ್ತಲ್ಲ, ಹಾಗಿದ್ಮೇಲೆ ಇಷ್ಟೆಲ್ಲಾ ಯಾಕೆ? ಎಲ್ಲಾ ಪ್ರಶ್ನೆಗೂ ಒಂದೇ ತೂಕ ಕೊಡೋ ರಾಶ್ ಮಾಡೆಲ್ ಸಾಕಾ?

ಥೀಟಾ_ಪ್ರಿಯ: ಒಟ್ಟಿಗೆ ಏರಿಳಿಯೋದು ನಿಜ, ಆದ್ರೆ ಒಬ್ರಿಗೆ ನಿದ್ದೆ, ಸುಸ್ತು, ಹಸಿವಿಂದಾನೇ 9 ಬಂದಿರುತ್ತೆ, ಇನ್ನೊಬ್ರಿಗೆ ಬೇಜಾರು, ಕೀಳರಿಮೆ, ಸಾಯೋ ಯೋಚನೆಯಿಂದ 9, ಟೋಟಲ್‌ಗೆ ಇಬ್ರೂ ಒಂದೇ. ರಾಶ್ ಕುಟುಂಬದ ಮಾಡೆಲ್‌ಗೂ ಒಂದೇ, ಅಲ್ಲಿ ಟೋಟಲ್ ಒಂದೇ ಆದ್ರೆ ಥೀಟಾನೂ ಒಂದೇ. ಸಮೆಜಿಮಾ 1969ರಲ್ಲಿ ಕೊಟ್ಟ ಗ್ರೇಡೆಡ್ ರೆಸ್ಪಾನ್ಸ್ ಮಾಡೆಲ್‌ನಲ್ಲಿ ಪ್ರತಿ ಪ್ರಶ್ನೆಗೂ ಅದರದ್ದೇ ಡಿಸ್ಕ್ರಿಮಿನೇಶನ್ (ಡಿಪ್ರೆಶನ್ ಜಾಸ್ತಿ ಇರೋರನ್ನ ಕಮ್ಮಿ ಇರೋರಿಂದ ಎಷ್ಟು ಚೆನ್ನಾಗಿ ಬೇರೆ ಮಾಡುತ್ತೆ ಅನ್ನೋದು) ಇರೋದ್ರಿಂದ ವ್ಯತ್ಯಾಸ ಕಾಣುತ್ತೆ. ನನ್ ಪ್ರಕಾರ ಅದಕ್ಕಿಂತ ದೊಡ್ಡ ಲಾಭ ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಆಚೀಚೆ ಇರಬಹುದು ಅನ್ನೋ ಅಳತೆ), ಅದು ಎಲ್ಲರಿಗೂ ಒಂದೇ ಅಲ್ಲ, ಲಕ್ಷಣ ತೀರಾ ಕಮ್ಮಿ ಇರೋ ಕಡೆ ಈ ಪ್ರಶ್ನೆಗಳಿಂದ ಸಿಗೋ ಮಾಹಿತಿನೇ ಕಮ್ಮಿ, ಹಾಗಾಗಿ 4 ಇದ್ದಿದ್ದು 2 ಆಯ್ತು ಅಂದ್ರೆ ಹುಷಾರಾದ್ರು ಅಂತ ಹೇಳೋಕೆ ಆಗಲ್ಲ.

ವಾರ್ಡ್_ನೋಟ್ಸ್: ಯಾವ ಮಾಡೆಲ್ ಆದ್ರೂ ಹಾಕಿ, ಸಾಯೋ ಯೋಚನೆ ಬಗ್ಗೆ ಇರೋ ಒಂಬತ್ತನೇ ಪ್ರಶ್ನೆಗೆ 0 ಬಿಟ್ಟು ಏನೇ ಬಂದಿದ್ರೂ ಆ ಪೇಶೆಂಟ್ ಜೊತೆ ಕೂತು ಮಾತಾಡ್ಲೇಬೇಕು, ದಯವಿಟ್ಟು ಅದನ್ನ ಥೀಟಾ ಒಳಗೆ ಮುಳುಗಿಸ್ಬೇಡಿ. ಕ್ಲಿನಿಕ್‌ನಲ್ಲಿ 10ರ ಕಟ್‌ಆಫ್ ಬಳಸೋರು ಇರ್ತಾರೆ, ಟೋಟಲ್ಲೂ ರಿಪೋರ್ಟ್ ಮಾಡಿ.

ಡೇಟಾ_ಹುಡುಗಿ: ಥ್ಯಾಂಕ್ಸ್ ಇಬ್ರಿಗೂ. ಹಾಗಾದ್ರೆ ಮುಂಚೆದು ಆಮೇಲಿಂದು ಬೇರೆಬೇರೆ ಫಿಟ್ ಮಾಡಿ ಥೀಟಾ ಕಳೆದ್ರೆ ಆಯ್ತಲ್ವಾ?

ಥೀಟಾ_ಪ್ರಿಯ: ಅಯ್ಯೋ ಬೇಡ! ಬೇರೆಬೇರೆ ಫಿಟ್ ಮಾಡಿದ್ರೆ ಎರಡು ಸಲಾನೂ ಸರಾಸರಿ 0 ಅಂತಲೇ ಕೂರುತ್ತೆ, ಎಲ್ರೂ ಸುಧಾರಿಸಿದ್ರೂ ಸರಾಸರಿ ಬದಲಾವಣೆ ಸೊನ್ನೆ ಬರುತ್ತೆ. ಐಟಂ ಪ್ಯಾರಾಮೀಟರ್ (ಪ್ರತಿ ಪ್ರಶ್ನೆಯ ಡಿಸ್ಕ್ರಿಮಿನೇಶನ್, ಜೊತೆಗೆ ಥ್ರೆಶೋಲ್ಡ್ ಅಂದ್ರೆ ಒಂದು ಉತ್ತರದಿಂದ ಮುಂದಿನ ಉತ್ತರಕ್ಕೆ ದಾಟೋ ಮಟ್ಟ) ಎರಡೂ ಸಲಕ್ಕೆ ಒಂದೇ ಇರ್ಬೇಕು ಅಂತ ಕಟ್ಟಿಹಾಕಿ ಎರಡನೇ ಸಲದ ಸರಾಸರಿ, ವೇರಿಯನ್ಸ್ ಮಾತ್ರ ಫ್ರೀ ಬಿಡಿ, ಒಬ್ಬರದೇ ಎರಡು ಅಳತೆ ಆದ್ರಿಂದ ಎರಡು ಥೀಟಾ ನಡುವೆ ಕೋರಿಲೇಶನ್‌ಗೂ ಜಾಗ ಕೊಡಿ. ಆರ್ ಸಾಫ್ಟ್‌ವೇರ್‌ನ ಎಂಐಆರ್‌ಟಿ ಪ್ಯಾಕೇಜ್‌ನಲ್ಲಿ ಆಗುತ್ತೆ. ಅದಕ್ಕೂ ಮುಂಚೆ ಯೆನ್ ಅವರ ಕ್ಯೂ3 (ಥೀಟಾ ಲೆಕ್ಕಕ್ಕೆ ತಗೊಂಡ ಮೇಲೂ ಎರಡು ಪ್ರಶ್ನೆಗಳ ನಡುವೆ ಉಳಿಯೋ ಕೋರಿಲೇಶನ್) ನೋಡಿ, ನಿದ್ದೆ ಸುಸ್ತು ಎರಡೂ ಒಂದಕ್ಕೊಂದು ಅಂಟ್ಕೊಂಡಿದ್ರೆ ಮಾಡೆಲ್ ತನ್ನ ನಿಖರತೆನ ಜಾಸ್ತಿ ತೋರಿಸುತ್ತೆ. 3 ಅಂತ ಉತ್ತರ ಕೊಟ್ಟೋರು ಒಂದು ಪ್ರಶ್ನೆಲಿ ತೀರಾ ಕಮ್ಮಿ ಇದ್ರೆ ಅದರ ಥ್ರೆಶೋಲ್ಡ್ ನಂಬೋ ಹಾಗಿರಲ್ಲ, ಫ್ರೀಕ್ವೆನ್ಸಿ ಟೇಬಲ್ ಹಾಕಿ ಇಲ್ಲಿ, ನೋಡೋಣ.