ಬಡಾವಣೆಯ ಕ್ರೀಡಾಕೂಟದಲ್ಲಿ ಇಡೀ ಮನೆಯವರನ್ನು ಆಡಿಸುವುದು ಹೇಗೆ?

ಪ್ರಶ್ನೆ: ಸಂಘದ ಕಾರ್ಯದರ್ಶಿ, ಮೈಸೂರು

ಮಾನ್ಯರೇ, ನಮ್ಮ ಬಡಾವಣೆಯ ನಿವಾಸಿಗಳ ಸಂಘವು ಪ್ರತಿ ವರ್ಷ ರಾಜ್ಯೋತ್ಸವದ ಅಂಗವಾಗಿ ಉದ್ಯಾನದಲ್ಲಿ ಕ್ರೀಡಾಕೂಟ ನಡೆಸುತ್ತದೆ. ಮಕ್ಕಳಿಗೆ ಗೋಣಿಚೀಲದ ಓಟ, ಮಹಿಳೆಯರಿಗೆ ರಂಗೋಲಿ ಮತ್ತು ಸಂಗೀತ ಕುರ್ಚಿ ಇರುತ್ತವೆ; ಗಂಡಸರ ಪಾಲಿಗೆ ಶಾಮಿಯಾನ ಕಟ್ಟಿಸುವುದು, ಮೈಕು ಹಿಡಿಯುವುದು. ತಂದೆತಾಯಂದಿರು ಬೇಲಿಯ ಬಳಿ ನಿಂತು ಮೊಬೈಲಿನಲ್ಲಿ ಮಕ್ಕಳ ಫೋಟೊ ತೆಗೆಯುತ್ತಾರೆ. ಬಹುಮಾನ ವಿತರಣೆ ಮುಗಿದ ಮೇಲೆ ಮುಂದಿನ ನವೆಂಬರಿನವರೆಗೆ ಆ ಉದ್ಯಾನದತ್ತ ಸುಳಿಯುವವರು ಬೆಳಗಿನ ವಾಯುವಿಹಾರದ ಹಿರಿಯರು ಮಾತ್ರ. ಅಜ್ಜ, ಅಪ್ಪ, ಮಗಳು ಒಟ್ಟಿಗೆ ಮೈ ಬಗ್ಗಿಸುವಂತೆ ಈ ಕೂಟವನ್ನು ಹೇಗೆ ರೂಪಿಸಬಹುದು?

ಉತ್ತರ 1: ಉಡುಪಿ ಜಿಲ್ಲೆಯಿಂದ

ನಮ್ಮ ಕರಾವಳಿಯಲ್ಲಿ ಆಟಿ ತಿಂಗಳ (ಜುಲೈ–ಆಗಸ್ಟ್) ಆಸುಪಾಸಿನಲ್ಲಿ ನಡೆಯುವ ಕೆಸರುಗದ್ದೆ ಆಟಗಳನ್ನು ಒಮ್ಮೆ ಬಂದು ನೋಡಿ. ಗದ್ದೆಗೆ ಇಳಿದ ಮರುಕ್ಷಣವೇ ಎಲ್ಲರ ಬಟ್ಟೆಯೂ ಒಂದೇ ಬಣ್ಣವಾಗುವುದರಿಂದ, ಬಿದ್ದರೆ ಯಾರಾದರೂ ನಕ್ಕಾರು ಎಂಬ ಸಂಕೋಚ ದೊಡ್ಡವರಿಗೆ ಉಳಿಯುವುದಿಲ್ಲ. ಬ್ಯಾಂಕಿನ ಮ್ಯಾನೇಜರರೂ ಹಗ್ಗಜಗ್ಗಾಟದಲ್ಲಿ ಹಿಮ್ಮಡಿಯೂರಿ ಕೆಸರಿನಲ್ಲಿ ಕುಳಿತುಬಿಡುತ್ತಾರೆ. ನಿಮ್ಮಲ್ಲಿ ಗದ್ದೆ ಇಲ್ಲದಿದ್ದರೂ ಚಿಂತೆಯಿಲ್ಲ. ವಯಸ್ಸಿನ ಪ್ರಕಾರ ಸ್ಪರ್ಧೆ ಇಡುವುದನ್ನು ಬಿಟ್ಟು ಒಂದೊಂದು ಮನೆಯನ್ನೇ ಒಂದೊಂದು ತಂಡವಾಗಿಸಿ, ತಂಡದಲ್ಲಿ ಒಂದು ಮಗುವೂ ಒಬ್ಬ ಹಿರಿಯರೂ ಇರಲೇಬೇಕು ಎಂಬ ನಿಯಮ ಮಾಡಿ. ಲಗೋರಿ ಇದಕ್ಕೆ ಹೇಳಿ ಮಾಡಿಸಿದ ಆಟ: ಅಜ್ಜಿ ಬಿಲ್ಲೆ ಜೋಡಿಸಬಹುದು, ಮೊಮ್ಮಗ ಓಡಬಹುದು. ಕೆಸರಿನ ಆಟವನ್ನೇ ನಡೆಸುವುದಾದರೆ, ಕಾಲಿನಲ್ಲಿ ಗಾಯವಿರುವವರನ್ನು ಇಳಿಸಬೇಡಿ. ಮಳೆಗಾಲದಲ್ಲಿ ಇಲಿಜ್ವರದ ಭಯ ಇದ್ದೇ ಇದೆ.

ಉತ್ತರ 2: ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಹಾಸನ

ವರ್ಷಕ್ಕೊಂದು ದಿನದ ಉತ್ಸಾಹದಿಂದ ದೇಹಕ್ಕೆ ಹೆಚ್ಚಿನ ಉಪಯೋಗವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನೂ, 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳನ್ನೂ ಹೇಳಿದೆ. ಆದ್ದರಿಂದ ದೊಡ್ಡ ಕೂಟವನ್ನು ಚಿಕ್ಕದು ಮಾಡಿ, ಪ್ರತಿ ವಾರ ನಡೆಯುವ ಸಣ್ಣ ಕೂಟವೊಂದನ್ನು ಆರಂಭಿಸಿ. ಲಂಡನ್ನಿನ ಬುಷಿ ಪಾರ್ಕಿನಲ್ಲಿ 2004ರಲ್ಲಿ 13 ಮಂದಿ ಓಟಗಾರರಿಂದ ಆರಂಭವಾದ ‘ಪಾರ್ಕ್‌ರನ್’ ಇಂದು ಹಲವು ದೇಶಗಳಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ನಡೆಯುತ್ತದೆ. ದೂರ 5 ಕಿ.ಮೀ., ಶುಲ್ಕವಿಲ್ಲ, ನಡೆದರೂ ಸರಿ ಓಡಿದರೂ ಸರಿ, ವ್ಯವಸ್ಥೆಯೆಲ್ಲ ಸ್ವಯಂಸೇವಕರದ್ದು. ದಿನ, ಹೊತ್ತು, ಜಾಗ ಬದಲಾಗದಿರುವುದೇ ಅದರ ಬಲವೆಂದು ನನ್ನ ಅಭಿಪ್ರಾಯ. ಪ್ರತಿ ಸಲ ವಾಟ್ಸಾಪಿನಲ್ಲಿ ‘ಈ ವಾರ ಯಾವಾಗ’ ಎಂದು ಚರ್ಚೆ ಶುರುವಾದರೆ ಕೂಟ ಕೆಟ್ಟಂತೆಯೇ. ಮೈಸೂರಿನಲ್ಲಿರುವ ನಿಮಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳೂ ಇವೆ. ತಿಂಗಳಿಗೊಂದು ಭಾನುವಾರ ಮನೆಮಂದಿಯೆಲ್ಲ ಹತ್ತಲಿ, ಮಂಡಿನೋವು ಇರುವವರು ಬೆಟ್ಟದ ತುದಿಯವರೆಗೆ ಬಸ್ಸಿನಲ್ಲಿ ಬಂದು ಅಲ್ಲಿ ಜೊತೆಯಾಗಲಿ.

ಉತ್ತರ 3: ಗೃಹಿಣಿ, ಬೆಂಗಳೂರು

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಒಂದು ವಿಷಯ ಯಾರ ಗಮನಕ್ಕೂ ಬಂದಂತಿಲ್ಲ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಕೂಟವಿಟ್ಟರೆ ಮನೆಯ ಹೆಂಗಸು ತಿಂಡಿ ಮುಗಿಸಿ, ಅತ್ತೆಯವರಿಗೆ ಮಾತ್ರೆ ಕೊಟ್ಟು ಉದ್ಯಾನ ತಲುಪುವಷ್ಟರಲ್ಲಿ ಆಟವೆಲ್ಲ ಮುಗಿದು ಚಪ್ಪಾಳೆ ತಟ್ಟುವುದಷ್ಟೇ ಬಾಕಿ ಇರುತ್ತದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆ ದಿನದ ಉಪ್ಪಿಟ್ಟಿನ ಹೊಣೆಯನ್ನು ಸರದಿಯ ಮೇಲೆ ಗಂಡಸರಿಗೆ ವಹಿಸಿದೆವು. ಉಪ್ಪಿಟ್ಟು ಕೆಲವೊಮ್ಮೆ ಗಂಟಾಗುತ್ತದೆ ಎಂಬುದನ್ನು ಬಿಟ್ಟರೆ ತೊಂದರೆಯಿಲ್ಲ, ಥ್ರೋಬಾಲ್‌ಗೆ ಈಗ ಎರಡೂ ತಂಡ ತುಂಬುತ್ತವೆ. ರಂಗೋಲಿ ಇರಲಿ, ಬೇಡವೆನ್ನುವುದಿಲ್ಲ. ಆದರೆ ಅದನ್ನು ಕ್ರೀಡೆಯ ಪಟ್ಟಿಯಿಂದ ತೆಗೆದುಬಿಡಿ.

ಕಾರ್ಯದರ್ಶಿ, ಮೈಸೂರು

ಎಲ್ಲರಿಗೂ ಧನ್ಯವಾದಗಳು. ಮನೆಯೇ ತಂಡವೆಂಬ ನಿಯಮವನ್ನೂ ತಿಂಡಿಯ ಸರದಿಯನ್ನೂ ಮುಂದಿನ ಸಭೆಯಲ್ಲಿ ಇಡುತ್ತೇನೆ. ಒಂಟಿಯಾಗಿ ವಾಸಿಸುವ ಹಿರಿಯರನ್ನು ಯಾವ ಮನೆಯ ತಂಡಕ್ಕೆ ಸೇರಿಸಬೇಕು ಎಂಬುದಕ್ಕೆ ಯಾರಾದರೂ ಸಲಹೆ ನೀಡಿದರೆ ಉಪಕಾರವಾಗುತ್ತದೆ.

ಉತ್ತರ 4: ಉಡುಪಿ ಜಿಲ್ಲೆಯಿಂದ

ಅದನ್ನು ಸಂಘ ನಿರ್ಧರಿಸುವುದು ಬೇಡ. ಹಿರಿಯರೇ ತಮಗೆ ಬೇಕಾದ ಮನೆಯನ್ನು ಆರಿಸಿಕೊಳ್ಳಲಿ. ಲಗೋರಿಯಲ್ಲಿ ಗುರಿ ಇರುವ ಅಜ್ಜನಿಗೆ ಪೈಪೋಟಿಯೇ ನಡೆಯುತ್ತದೆ, ನೋಡುತ್ತಿರಿ.