ಅಂಗೈಯಷ್ಟು ನಾಯಿಮರಿ ಕೊಳ್ಳಬಹುದೇ? ಸಾಕಿದವರ ಅನುಭವಗಳು

ಪ್ರಶ್ನೆ, ಹುಬ್ಬಳ್ಳಿಯಿಂದ:

ನಾಯಿಮರಿ ಬೇಕೆಂದು ನಮ್ಮ 7 ವರ್ಷದ ಮಗಳು ಹಟ ಹಿಡಿದು ಒಂದು ವರ್ಷವಾಯಿತು. ಬೆಂಗಳೂರಿನ ಮಾರಾಟಗಾರರೊಬ್ಬರು ಟೀ ಕಪ್ಪಿನೊಳಗೆ ಕುಳಿತ ಪೊಮೆರೇನಿಯನ್ ಮರಿಯ ವಿಡಿಯೊ ಕಳುಹಿಸಿ, ಇದು ‘ಟೀಕಪ್ ಪಾಮ್’, 45 ದಿನದ್ದು, ಬೆಳೆದ ಮೇಲೂ ಒಂದು ಕಿಲೊ ದಾಟುವುದಿಲ್ಲ ಎಂದು ಭರವಸೆ ಕೊಡುತ್ತಿದ್ದಾರೆ. ಸಾಧಾರಣ ಪಾಮ್ ಮರಿಯ ಮೂರರಷ್ಟು ಬೆಲೆ; ಮುಂಗಡ ಕಳುಹಿಸಿದರೆ ರಾತ್ರಿ ಬಸ್ಸಿನಲ್ಲಿ ಕಳುಹಿಸಿಕೊಡುತ್ತಾರಂತೆ. ಮನೆಯಲ್ಲಿ 3 ವರ್ಷದ ಮಗನೂ ಇದ್ದಾನೆ. ಇಷ್ಟು ಚಿಕ್ಕ ನಾಯಿಯನ್ನು ಸಾಕಿದವರು ದಯವಿಟ್ಟು ನಿಮ್ಮ ಅನುಭವ ತಿಳಿಸಬೇಕು.

ಮೈಸೂರಿನ ಗೃಹಿಣಿಯೊಬ್ಬರು:

ನಮ್ಮ ಚಿನ್ನಿಗೆ ಈಗ 6 ವರ್ಷ, ತೂಕ 1 ಕಿಲೊ 300 ಗ್ರಾಂ. ಎರಡು ತಿಂಗಳ ಮರಿಯೆಂದು ಹೇಳಿ ನಮಗೆ ಕೊಟ್ಟಿದ್ದರು. ಮರುದಿನ ಪಶುವೈದ್ಯರು ಬಾಯಿ ತೆರೆದು ನೋಡಿ, 8 ವಾರದ ಹೊತ್ತಿಗೆ ಸಾಮಾನ್ಯವಾಗಿ 28 ಹಾಲುಹಲ್ಲುಗಳೂ ಬಂದಿರುತ್ತವೆ, ಸಣ್ಣ ತಳಿಗಳಲ್ಲಿ ತುಸು ತಡವಾಗಬಹುದಾದರೂ ಇದಕ್ಕೆ ಹಿಂದಿನ ಹಲ್ಲುಗಳು ವಸಡಿನಿಂದ ಹೊರಗೇ ಬಂದಿಲ್ಲ, ಐದು ವಾರ ದಾಟಿರುವುದು ಅನುಮಾನ ಎಂದರು. ವಿಶೇಷ ಜಾತಿಯೆಂದು ನಾವು ಹೆಚ್ಚು ಹಣ ತೆತ್ತಿದ್ದು, ಇನ್ನೂ ತಾಯಿಯ ಹಾಲು ಕುಡಿಯಬೇಕಾಗಿದ್ದ ಎಳೆಗೂಸಿಗೆ.

ಮೂರನೆಯ ರಾತ್ರಿ ಎದ್ದು ನೋಡಿದರೆ ಮೈ ತಣ್ಣಗಾಗಿತ್ತು, ಕತ್ತು ನಿಲ್ಲುತ್ತಿರಲಿಲ್ಲ, ವಸಡು ಬಿಳಿಚಿಕೊಂಡಿತ್ತು. ವೈದ್ಯರು ಫೋನಿನಲ್ಲಿಯೇ, ಬೆರಳಿಗೆ ಜೇನುತುಪ್ಪ ಹಚ್ಚಿಕೊಂಡು ವಸಡಿಗೆ ಸವರಿ, ಬಾಯಿಗೆ ಏನನ್ನೂ ಸುರಿಯಬೇಡಿ, ನುಂಗಲಾರದ ಮರಿಗೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಟ್ಟು ಕೂಡಲೇ ಕರೆತನ್ನಿ ಎಂದರು. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟಳು. ಇಷ್ಟು ಪುಟ್ಟ ದೇಹದಲ್ಲಿ ಸಕ್ಕರೆಯ ದಾಸ್ತಾನು ಬಹಳ ಕಡಿಮೆ ಇರುವುದರಿಂದ ಒಂದು ಹೊತ್ತಿನ ಊಟ ತಪ್ಪಿದರೂ ರಕ್ತದ ಸಕ್ಕರೆ ಕುಸಿಯುತ್ತದೆ. ಆಮೇಲೆ ನಾಲ್ಕು ತಿಂಗಳ ಕಾಲ ನಾನೂ ನಮ್ಮ ಯಜಮಾನರೂ ಅಲಾರಂ ಇಟ್ಟುಕೊಂಡು, ಪಾಳಿಯ ಮೇಲೆ ಎದ್ದು ಅವಳಿಗೆ ಊಟ ಹಾಕಿದ್ದೇವೆ. ರಾತ್ರಿಯಿಡೀ ಬಸ್ಸಿನ ಡಬ್ಬಿಯಲ್ಲಿ ಒಬ್ಬಂಟಿಯಾಗಿ ಬರುವ ಮರಿಗೆ ಜೇನುತುಪ್ಪ ಸವರುವವರು ಯಾರು?

ಹನ್ನೊಂದು ತಿಂಗಳಾಗಿದ್ದಾಗ ನಮ್ಮ ಅತ್ತೆಯವರ ಮಡಿಲಿನಿಂದ ಕೆಳಕ್ಕೆ ಜಿಗಿದು ಮುಂಗಾಲಿನ ಎರಡೂ ಎಲುಬು ಮುರಿದುಕೊಂಡಳು. ಪುಟ್ಟ ತಳಿಗಳಲ್ಲಿ ಮಣಿಕಟ್ಟಿನ ಹತ್ತಿರದ ಎಲುಬಿಗೆ ರಕ್ತ ಸಂಚಾರ ಕಡಿಮೆಯಾದ್ದರಿಂದ ಬರೀ ಪಟ್ಟಿ ಕಟ್ಟಿದರೆ ಕೂಡಿಕೊಳ್ಳುವುದು ಕಷ್ಟವೆಂದು ಪ್ಲೇಟ್ ಹಾಕಿಸಬೇಕಾಯಿತು. ನಾಯಿಯ ಬೆಲೆಗಿಂತ ಆಪರೇಷನ್ನಿನ ಖರ್ಚೇ ಹೆಚ್ಚಾಯಿತು. ಅದಕ್ಕಿಂತ ನನಗೆ ನೋವಾದದ್ದು, ತಮ್ಮಿಂದಲೇ ಹೀಗಾಯಿತೆಂದು ಅತ್ತೆಯವರು ಅಂದಿನಿಂದ ಅವಳನ್ನು ಮಡಿಲಿಗೆ ಕರೆಯದೇ ಇರುವುದು. ನಿಮ್ಮ ಮಗನಿಗೆ 3 ವರ್ಷ ಎಂದಿದ್ದೀರಿ. ಆ ವಯಸ್ಸಿನ ಮಕ್ಕಳು ಪ್ರೀತಿಯಿಂದಲೇ ಎತ್ತಿಕೊಳ್ಳುತ್ತಾರೆ, ಪ್ರೀತಿಯಿಂದಲೇ ಕೈಬಿಡುತ್ತಾರೆ.

ಧಾರವಾಡದ ಪಶುವೈದ್ಯರೊಬ್ಬರು:

ಮೇಲಿನವರು ಬರೆದದ್ದಕ್ಕೆ ನಾಲ್ಕು ಮಾತು ಸೇರಿಸುತ್ತೇನೆ. ಮರಿಯ ತಲೆಯ ಮೇಲೆ ಬೆರಳಾಡಿಸಿ ನೋಡಿ. ನೆತ್ತಿ ಕೂಡದೆ ಮೆತ್ತಗಿದ್ದರೆ ಅದೊಂದರಿಂದಲೇ ರೋಗವೆಂದು ಹೇಳಲಾಗದು. ಆದರೆ ಜೊತೆಗೆ ತಲೆ ಗುಮ್ಮಟದಂತೆ ಉಬ್ಬಿ, ಕಣ್ಣುಗಳು ಹೊರಕ್ಕೆ ಓರೆಯಾಗಿದ್ದರೆ ಮಿದುಳಿನಲ್ಲಿ ನೀರು ತುಂಬಿರುವ ಶಂಕೆ ಬರುತ್ತದೆ. ಒಡಹುಟ್ಟಿದ ಮರಿಗಳೆಲ್ಲ ಬೆಳೆದು ಇದೊಂದೇ ಬೆಳೆಯದಿದ್ದರೆ, ಯಕೃತ್ತಿನ ಮೂಲಕ ಹಾಯದೆ ರಕ್ತ ಅಡ್ಡದಾರಿಯಲ್ಲಿ ಹರಿಯುವ ಹುಟ್ಟುದೋಷವೂ ಕಾರಣವಾಗಿರಬಹುದು. ಊಟವಾದ ಮೇಲೆ ಮಂಕಾಗುವುದು ಅದರ ಒಂದು ಲಕ್ಷಣ. ಮಂಡಿಚಿಪ್ಪು ಜಾರುವುದು, ಹಾಲುಹಲ್ಲು ಬೀಳದೆ ಎರಡು ಸಾಲು ಹಲ್ಲಾಗುವುದು, ಶ್ವಾಸನಾಳ ಕುಸಿದು ಬಾತುಕೋಳಿಯಂತೆ ಕೆಮ್ಮುವುದು ಸಣ್ಣ ತಳಿಗಳಲ್ಲಿ ನಾವು ಮೇಲಿಂದ ಮೇಲೆ ನೋಡುವ ತೊಂದರೆಗಳು. ಆದ್ದರಿಂದ ಇವುಗಳ ಕತ್ತಿಗೆ ಪಟ್ಟಿ ಕಟ್ಟಿ ಎಳೆಯಬಾರದು, ಎದೆಯ ಸುತ್ತ ಕಟ್ಟುವ ಹಾರ್ನೆಸ್ ಹಾಕಬೇಕು. ಅರಿವಳಿಕೆ ಕೊಟ್ಟಾಗ ಮೈಯ ಕಾವು ಬೇಗನೆ ಇಳಿಯುವುದರಿಂದ ಹಲ್ಲು ಕೀಳುವಂಥ ಸಣ್ಣ ಕೆಲಸಕ್ಕೂ ನಾವು ಭಯಪಡುತ್ತೇವೆ.

ಬೆಂಗಳೂರಿನ ಹಿಂದಿನ ಬ್ರೀಡರ್ ಒಬ್ಬರು:

ಹದಿನಾಲ್ಕು ವರ್ಷ ಪಾಮ್ ಮರಿಗಳನ್ನು ಮಾರಿ, ಈಗ ಬಿಟ್ಟಿದ್ದೇನೆ. ಮನೆಗೆ ಬಂದವರು ಮರಿಯ ಆರೋಗ್ಯ ಕೇಳುವ ಮೊದಲು ‘ಇದಕ್ಕಿಂತ ಚಿಕ್ಕದು ಇಲ್ಲವೇ?’ ಎಂದು ಕೇಳುತ್ತಿದ್ದರು. ಎಲ್ಲ ಮರಿಗಳಿಗಿಂತ ಬಡಕಲಾಗಿ, ಉಳಿಯುವುದೋ ಇಲ್ಲವೋ ಎಂದು ನಾವು ಬೇರೆ ಇಟ್ಟು ನೋಡಿಕೊಳ್ಳುತ್ತಿದ್ದ ಮರಿಗೇ ಅವರು ದುಪ್ಪಟ್ಟು ಬೆಲೆ ಕೊಡಲು ಸಿದ್ಧರಿರುತ್ತಿದ್ದರು. ಹಾಗಿರುವಾಗ ಕೆಲವರು ಮರಿಗೆ ಅರೆಹೊಟ್ಟೆ ಉಣಿಸುವುದರಲ್ಲಿ, ವಯಸ್ಸನ್ನು ಹೆಚ್ಚಿಸಿ ಹೇಳುವುದರಲ್ಲಿ ಆಶ್ಚರ್ಯವೇನಿದೆ? ನಾನೂ ಒಂದೆರಡು ಸಲ ಅಂಥ ಮರಿಗಳನ್ನು ಕೊಟ್ಟಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ.

ಟೀಕಪ್ ಎಂಬ ತಳಿಯನ್ನು, ನಾಯಿತಳಿಗಳನ್ನು ನೋಂದಾಯಿಸುವ ಯಾವ ಮುಖ್ಯ ಕೆನಲ್ ಕ್ಲಬ್ಬೂ ಮಾನ್ಯ ಮಾಡಿಲ್ಲ. ಚೆನ್ನೈನಲ್ಲಿರುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಪತ್ರದಲ್ಲಿ ಪೊಮೆರೇನಿಯನ್ ಎಂದಷ್ಟೇ ಇರುತ್ತದೆ. ಅಮೆರಿಕನ್ ಕೆನಲ್ ಕ್ಲಬ್ಬಿನ ಮಾನದಂಡದಂತೆ ಬೆಳೆದ ಪಾಮ್ 3ರಿಂದ 7 ಪೌಂಡ್, ಅಂದರೆ ಸುಮಾರು 1.4ರಿಂದ 3.2 ಕಿಲೊ ಇರಬೇಕು. ತೀರಾ ಪುಟ್ಟ ಹೆಣ್ಣುನಾಯಿಗೆ ಸಹಜವಾಗಿ ಮರಿ ಹಾಕುವುದೇ ಕಷ್ಟ, ಅನೇಕ ಸಲ ಸಿಸೇರಿಯನ್ ಬೇಕಾಗುತ್ತದೆ. ಹಾಗಾಗಿ ಬುದ್ಧಿಯಿರುವವರು ತುಸು ದೊಡ್ಡ ಹೆಣ್ಣನ್ನೇ ತಾಯಿಯಾಗಿಸುತ್ತಾರೆ, ಮರಿ ಎಷ್ಟು ಬೆಳೆಯುತ್ತದೆಂದು ಬರೆದುಕೊಡುವುದಿಲ್ಲ. 2017ರ ಕೇಂದ್ರ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. 45 ದಿನವೆಂದರೆ ಆರೂವರೆ ವಾರವೂ ಆಗಲಿಲ್ಲ. ಹಣ ಕೊಡುವ ಮೊದಲು ತಾಯಿಯನ್ನು ನೋಡಬೇಕೆನ್ನಿ, ಮರಿ ಅದರ ಹತ್ತಿರ ಹೋಗಿ ಹಾಲಿಗೆ ಬಾಯಿಡುವುದನ್ನು ಕಣ್ಣಾರೆ ನೋಡಿ.

ಶಿವಮೊಗ್ಗದ ನಿವೃತ್ತ ಶಿಕ್ಷಕರೊಬ್ಬರು:

ಇದನ್ನೆಲ್ಲ ಓದಿ ಸಣ್ಣ ನಾಯಿಯೇ ಬೇಡವೆಂದು ತೀರ್ಮಾನಿಸಬಾರದು ಎಂಬುದಕ್ಕಾಗಿ ಬರೆಯುತ್ತಿದ್ದೇನೆ. ನಮ್ಮ ಚಿಹುವಾಹುವಾ 2 ಕಿಲೊ 400 ಗ್ರಾಂ ಇದೆ, 11 ವರ್ಷವಾದರೂ ಬೆಳಿಗ್ಗೆ ನನಗಿಂತ ಮೊದಲು ಗೇಟಿನ ಬಳಿ ನಿಂತಿರುತ್ತದೆ. ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸಿನಿಂದ ತಂದ ಮಾರ್ಕೊ ಎಂಬ ಪಾಮ್ 12 ಪೌಂಡ್ ತೂಗುತ್ತಿತ್ತು, ಅದನ್ನೇ ಆಗ ಪುಟ್ಟದು ಎನ್ನುತ್ತಿದ್ದರು. ಅಲ್ಲಿಂದ ಈಗಿನ ಅಳತೆಗೆ ಇಳಿದ ಮೇಲೂ ನಮಗೆ ತೃಪ್ತಿಯಿಲ್ಲ. ನನ್ನ ತಕರಾರು ಇರುವುದು ತಳಿಯ ಮಾನದಂಡಕ್ಕಿಂತಲೂ ಕೆಳಗೆ ಕೊಂಡೊಯ್ಯುವ ಆಸೆಯ ಮೇಲೆ ಮಾತ್ರ.

ಪ್ರಶ್ನೆ ಕೇಳಿದವರು, ಹತ್ತು ದಿನಗಳ ನಂತರ:

ಎಲ್ಲರಿಗೂ ವಂದನೆಗಳು. ತಾಯಿಯನ್ನು ತೋರಿಸಿ ಎಂದು ಕೇಳಿದ್ದಕ್ಕೆ ಮಾರಾಟಗಾರರು ಮೊದಲು ‘ಅದು ಊರಲ್ಲಿದೆ’ ಎಂದರು, ಎರಡನೆಯ ಸಲ ಫೋನ್ ಎತ್ತಲಿಲ್ಲ. ಅದೃಷ್ಟಕ್ಕೆ ಮುಂಗಡ ಕೊಟ್ಟಿರಲಿಲ್ಲ. ಗದಗದಲ್ಲಿ ಒಬ್ಬರ ಮನೆಯಲ್ಲಿ ಪಾಮ್ ಮೂರು ಮರಿ ಹಾಕಿದೆ, ತಾಯಿ 3 ಕಿಲೊ ಇದೆ. ಮರಿಗಳಿಗೆ 10 ವಾರ ತುಂಬಿದ ಮೇಲೆ ಬನ್ನಿ ಎಂದಿದ್ದಾರೆ. ಅಷ್ಟು ಹೊತ್ತಿಗೆ ಮಗನಿಗೆ ನೆಲದ ಮೇಲೆ ಕುಳಿತೇ ನಾಯಿಯನ್ನು ಮುಟ್ಟುವುದನ್ನು ಪಕ್ಕದ ಮನೆಯ ಮುದಿ ಲ್ಯಾಬ್ರಡಾರಿನ ಮೇಲೆ ಅಭ್ಯಾಸ ಮಾಡಿಸುತ್ತಿದ್ದೇವೆ. ಗದಗದಿಂದ ಕಾರಿನಲ್ಲಿ ಕರೆತರುವಾಗ ಏನೇನು ಜೊತೆಗಿರಬೇಕು?

ಮೈಸೂರಿನ ಗೃಹಿಣಿ:

ಅಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ಪಡೆಯಿರಿ, ತಾಯಿ ಮಲಗಿದ ಒಂದು ಬಟ್ಟೆ ತನ್ನಿ, ಲಸಿಕೆಯ ಕಾರ್ಡ್ ಮರೆಯಬೇಡಿ. ಚಿಕ್ಕ ಬಾಟಲಿಯಲ್ಲಿ ಜೇನುತುಪ್ಪವೂ ಇರಲಿ.